ಶರೀಫಜ್ಜನ ಮಾಳಿಗೆ ಇನ್ನೂ ಸೋರುತ್ತಿದೆ

ಹಾವೇರಿ ಸೀಮೆಯಲ್ಲಿ ಮಳೆ ಹಿಡಿದು ನಾಕು ದಿನ ಬಿಡದೇ ಹೊಡೆದರೆ ಹಳೇ ಮನೆಯವರ ಕಣ್ಣು ಮೊದಲು ಹೋಗೋದು ತಲೆ ಮೇಲಿನ ಮಾಳಿಗೆ ಕಡೆಗೆ. ಮರದ ತೊಲೆ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲುಮುದ್ದೆ ಸರಿಮಾಡದಿದ್ದರೆ ಒಳಗೂ ಮಳೆಯೇ. ಈ ನೀರನ್ನೇ ಹಾಡು ಮಾಡಿದವರು ಸಂತ ಶಿಶುನಾಳ ಶರೀಫರು.

ಈಗಿನ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಮುಲ್ಕಿ ಓದಿ ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿದರು. ನೌಕರಿ ಬಿಟ್ಟು ಕಳಸದ ಗುರು ಗೋವಿಂದಭಟ್ಟರ ಬೆನ್ನು ಹತ್ತಿದರು. ಬ್ರಾಹ್ಮಣ ಗುರು ಮುಸ್ಲಿಂ ಶಿಷ್ಯನಿಗೆ ಜನಿವಾರ ಹಾಕಿದ ಕಥೆ ಇಂದಿಗೂ ಜನರ ಬಾಯಲ್ಲಿದೆ. ಎರಡೂ ಕಡೆಯ ಸಂಪ್ರದಾಯಸ್ಥರು ಮುನಿದರು. ಗುರು-ಶಿಷ್ಯರು ಕೈ ಬಿಡಲಿಲ್ಲ. ಮಗಳು ಹುಟ್ಟಿದ ಮೇಲೆ ಹೆಂಡತಿ ಫಾತಿಮಾ ತೀರಿಹೋದರು. ಬಡತನ ಮಾತ್ರ ಕಡೆತನಕ ಜೊತೆಗೇ ಇತ್ತು.

ಅಮೆರಿಕದ ಜಾನಿ ಕ್ಯಾಶ್ ಕೂಡ ನೆರೆಯನ್ನು ಹಾಡಾಗಿಸಿದವನು. 1937ರಲ್ಲಿ, ಐದು ತುಂಬುವ ಮುನ್ನ, ಅರ್ಕಾನ್ಸಾದ ತನ್ನೂರಲ್ಲಿ ಕಂಡ ಪ್ರವಾಹವನ್ನು ನೆನೆದು, ಅಡಿ ಅಡಿಯಾಗಿ ಏರುವ ನೀರಿನ ಲೆಕ್ಕವನ್ನು 1959ರಲ್ಲಿ ಹಾಡಿದ. ಶರೀಫರು ನೀರು ಅಳೆಯಲಿಲ್ಲ, ಮನೆ ನೋಡಿದರು. ಅವರಿಗೆ ಸೋರುವ ಮನೆ ಎಂದರೆ ಅರಿವಿಲ್ಲದೆ ಹಾಳಾಗುವ ಈ ದೇಹ, ಈ ಮನಸ್ಸು. ಹಾಡಿನೊಳಗೆ ತತ್ವ ಎಷ್ಟಿದೆಯೋ ಬಡವನ ಮನೆಯೂ ಅಷ್ಟೇ ಇದೆ. ರಾಣೆಬೆನ್ನೂರು, ಬ್ಯಾಡಗಿ ಕಡೆಯ ಭಜನಾ ಮೇಳಗಳಲ್ಲಿ ಅದು ಉಳಿದಿರೋದು ಇದಕ್ಕೇ. ಕೇಳುವವರಿಗೆ ತತ್ವ ಆಮೇಲೆ ತಿಳಿದೀತು, ತೊಟ್ಟಿಕ್ಕುವ ಸದ್ದು ಮೊದಲೇ ಗೊತ್ತು.

1889ರಲ್ಲಿ ಶರೀಫರು ತೀರಿಕೊಂಡಾಗ ಹಿಂದೂ, ಮುಸ್ಲಿಂ ಎರಡೂ ವಿಧಿಗಳು ನಡೆದವು ಅನ್ನುತ್ತಾರೆ. ಶಿಶುನಾಳದ ಗದ್ದುಗೆಗೆ ಈಗಲೂ ಎರಡೂ ಕಡೆಯವರು ಬರುತ್ತಾರೆ. ನಾವು ಅವರನ್ನು ಭಾವೈಕ್ಯದ ಭಾಷಣಕ್ಕೆ ಕರೆದು, ಅಲ್ಲಿಗೇ ಬಿಟ್ಟುಬಿಡುತ್ತೇವೆ. ಮಾಳಿಗೆಯ ಮಾತು ಮರೆತೇ ಹೋಗುತ್ತದೆ.

2019ರ ಆಗಸ್ಟಿನಲ್ಲಿ ವರದಾ, ಧರ್ಮಾ, ತುಂಗಭದ್ರಾ ಉಕ್ಕಿದಾಗ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಬೇಕಾದದ್ದೇ. ಆದರೆ ಮಣ್ಣಿನ ಮನೆ ಒಂದೇ ರಾತ್ರಿಯಲ್ಲಿ ಬೀಳೋದಿಲ್ಲ. ಮೊದಲು ಸೋರುತ್ತದೆ, ಆಮೇಲೆ ಗೋಡೆ ನೆನೆಯುತ್ತದೆ, ಕಡೆಗೆ ಕುಸಿಯುತ್ತದೆ. ಬಿದ್ದ ಮೇಲೆ ಪಂಚನಾಮೆಗೆ ಬರುವವರು, ಸೋರುವಾಗಲೇ ಒಮ್ಮೆ ಬಂದು ಮೇಲೆ ನೋಡಬಾರದೇ? ಶರೀಫಜ್ಜ ಹೇಳಿದ್ದೂ ಅದನ್ನೇ ಅಲ್ಲವೇ: ಬೀಳುವ ಮುಂಚೆ ಎಚ್ಚರಾಗಬೇಕು.