ಫೈನಲ್‌ಗೆ ಮುಂಚೆ ಹೊರಟುಹೋದ ಕ್ಯಾಪ್ಟನ್

ನಮ್ಮೂರ ಕಾಲೇಜೊಂದರ ಹಾಕಿ ಟೀಮಿನ ಸೆಂಟರ್ ಹಾಫ್ ಹುಡುಗ ಟೂರ್ನಮೆಂಟ್ ನಡುವೆಯೇ ನೌಕರಿ ಆರ್ಡರ್ ಹಿಡಕೊಂಡು ರೈಲು ಹತ್ತಿದ ಸುದ್ದಿ ಈ ವಾರವೆಲ್ಲಾ ಬಸ್‌ಸ್ಟ್ಯಾಂಡ್ ಹೋಟೆಲುಗಳಲ್ಲಿ ಓಡಾಡಿತು. ಕೆಲವರು ಕೈಕೊಟ್ಟ ಅಂದರು. ಕೆಲವರು ಹೊಟ್ಟೆಪಾಡು ಮುಖ್ಯ ಅಲ್ಲವೇನ್ರೀ ಅಂದರು. ಉಳಿದ ಹುಡುಗರು ಮಾತ್ರ ಯಾರನ್ನೂ ಬೈಯಲಿಲ್ಲ. ಬೆಳಿಗ್ಗೆ ಆರಕ್ಕೇ ಮೈದಾನಕ್ಕೆ ಬಂದು, ಇಷ್ಟು ದಿನ ಹೊರಗೆ ಕೂತು ನೀರು ಕೊಡುತ್ತಿದ್ದ ಜೂನಿಯರ್ ಒಬ್ಬನನ್ನು ಆ ಜಾಗಕ್ಕೆ ನಿಲ್ಲಿಸಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದಾರೆ. ಶನಿವಾರ ಸೆಮಿಫೈನಲ್. ಏನಾಗುತ್ತದೋ ನೋಡೋಣ.

ಅಷ್ಟರೊಳಗೆ ಹಳೆಯ ಕತೆಯೊಂದನ್ನು ಓದುಗರಿಗೆ ಹೇಳಬೇಕು. ನಡುವೆಯೇ ಟೀಮು ಬಿಟ್ಟು ಹೊರಟವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಗೊತ್ತೇ? ಒಲಿಂಪಿಕ್ಸ್ ಹಾಕಿಯಲ್ಲಿ ಭಾರತದ ಮೊಟ್ಟಮೊದಲ ಕ್ಯಾಪ್ಟನ್ ಜೈಪಾಲ್ ಸಿಂಗ್ ಮುಂಡಾ!

ದನ ಕಾಯ್ದ ಹುಡುಗ ಆಕ್ಸ್‌ಫರ್ಡಿಗೆ

ಹೆಸರಿನಲ್ಲಿ ಸಿಂಗ್ ಇದೆ ಅಂತ ಪಂಜಾಬಿನವರು ಅಂದ್ಕೊಳ್ಳಬೇಡಿ. ಇವರು ಛೋಟಾನಾಗಪುರದ ಆದಿವಾಸಿ, ಮುಂಡಾ ಜನಾಂಗದವರು. ಹುಟ್ಟಿದ್ದು 1903ರ ಜನವರಿ 3ರಂದು, ರಾಂಚಿ ಸೀಮೆಯ ಖೂಂಟಿ ಬಳಿಯ ಟಕರಾ ಎಂಬ ಹಳ್ಳಿಯಲ್ಲಿ. ಬ್ರಿಟಿಷರ ವಿರುದ್ಧ ಬಿಲ್ಲು ಹಿಡಿದಿದ್ದ ಬಿರ್ಸಾ ಮುಂಡಾ ರಾಂಚಿ ಜೈಲಿನಲ್ಲಿ ಕಣ್ಣು ಮುಚ್ಚಿ ಆಗಿನ್ನೂ ಮೂರು ವರ್ಷವೂ ತುಂಬಿರಲಿಲ್ಲ. ದನ ಕಾಯುತ್ತಿದ್ದ ಈ ಹುಡುಗ ರಾಂಚಿಯ ಸೇಂಟ್ ಪಾಲ್ಸ್ ಮಿಷನ್ ಶಾಲೆಗೆ ಸೇರಿದ. ಓದಿನಲ್ಲೂ ಚುರುಕು, ಹಾಕಿ ಕೋಲು ಹಿಡಿದರೂ ಚುರುಕು. ಶಾಲೆಯ ಪ್ರಿನ್ಸಿಪಾಲರಾಗಿದ್ದ ಪಾದ್ರಿ ಕಾಸ್‌ಗ್ರೇವ್ ಇದನ್ನು ಗಮನಿಸಿದರು. ತಾವು ಊರಿಗೆ ಮರಳುವಾಗ ಹುಡುಗನನ್ನೂ ಇಂಗ್ಲೆಂಡಿಗೆ ಕರಕೊಂಡು ಹೋದರು.

ಅಲ್ಲಿ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜು. ಅರ್ಥಶಾಸ್ತ್ರದಲ್ಲಿ ಆನರ್ಸ್. ಕಾಲೇಜಿನ ಚರ್ಚಾಕೂಟದಲ್ಲಿ ಮುಂದಾಳು. ಮೈದಾನದಲ್ಲಿ ಫುಲ್‌ಬ್ಯಾಕ್. ಎದುರಾಳಿಯನ್ನು ಮುಟ್ಟದೆ ಚೆಂಡು ಕಿತ್ತುಕೊಳ್ಳುವುದು, ಕಿತ್ತುಕೊಂಡದ್ದನ್ನು ಬಲವಾಗಿ ಹೊಡೆದು ಮುಂದಿನವರಿಗೆ ದಾಟಿಸುವುದು, ಇವೆರಡಕ್ಕೂ ಅವರು ಹೆಸರಾಗಿದ್ದರು. ಆಕ್ಸ್‌ಫರ್ಡ್ ಯೂನಿವರ್ಸಿಟಿ ತಂಡಕ್ಕೆ ಆಡಿ ಬ್ಲೂ ಪಡೆದರು. ಹಾಕಿಯಲ್ಲಿ ಈ ಗೌರವ ಪಡೆದ ಮೊದಲ ಭಾರತೀಯ ವಿದ್ಯಾರ್ಥಿ ಇವರೇ. ಬ್ರಿಟನ್ನಿನ ಪತ್ರಿಕೆಗಳಿಗೆ ಆಟದ ಬಗ್ಗೆ ಬರೆಯುತ್ತಲೂ ಇದ್ದರು. ಒಂದರ್ಥದಲ್ಲಿ ನಮ್ಮ ಕಸುಬಿನವರೇ ಅನ್ನಿ.

ಐ.ಸಿ.ಎಸ್. ಬೇಕೋ? ಹಾಕಿ ಬೇಕೋ?

ಆ ಕಾಲದಲ್ಲಿ ಐ.ಸಿ.ಎಸ್. ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಜಿಲ್ಲೆಗೆ ಜಿಲ್ಲೆಯೇ ಎದ್ದು ನಿಂತು ಕೈಮುಗಿಯುತ್ತಿದ್ದ ಹುದ್ದೆ. ಜೈಪಾಲ್ ಸಿಂಗ್ ಅದಕ್ಕೂ ಆಯ್ಕೆಯಾದರು. ಇಂಗ್ಲೆಂಡಿನಲ್ಲೇ ಟ್ರೇನಿಂಗ್ ನಡೆದಿತ್ತು. ಅಷ್ಟರಲ್ಲಿ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್ ಬಂತು. ಭಾರತದ ಹಾಕಿ ತಂಡ ಅದೇ ಮೊದಲ ಸಲ ಒಲಿಂಪಿಕ್ಸಿಗೆ ಹೊರಟಿತ್ತು. ನಾಯಕತ್ವ ಜೈಪಾಲ್ ಸಿಂಗರಿಗೆ. ಅವರು ಲಂಡನ್ನಿನ ಇಂಡಿಯಾ ಆಫೀಸಿಗೆ ರಜೆ ಕೇಳಿದರು. ರಜೆ ಇಲ್ಲ ಅಂತ ಉತ್ತರ ಬಂತು.

ನಾವು ನೀವಾಗಿದ್ದರೆ ಏನು ಮಾಡುತ್ತಿದ್ದೆವು? ಬಾಯ್ಮುಚ್ಚಿಕೊಂಡು ಟ್ರೇನಿಂಗ್ ಮುಗಿಸುತ್ತಿದ್ದೆವು. ಇವರು ರಜೆ ಸಿಗದಿದ್ದರೂ ಹೊರಟೇಬಿಟ್ಟರು.

ಇತ್ತ ಬೊಂಬಾಯಿಂದ ಹಡಗು ಹತ್ತಿದ ಆಟಗಾರರನ್ನು ಬೀಳ್ಕೊಡಲು ಬಂದಿದ್ದವರು ಒಟ್ಟು ಮೂರೇ ಜನ. ಧ್ಯಾನ್ ಚಂದ್ ಎಂಬ ಸೈನಿಕನ ಹೆಸರು ಆಗಿನ್ನೂ ಹೊರ ಪ್ರಪಂಚಕ್ಕೆ ಗೊತ್ತಿರಲಿಲ್ಲ. ತಂಡ ಇಂಗ್ಲೆಂಡ್ ಮುಟ್ಟಿದ ಮೇಲೆ ಕ್ಯಾಪ್ಟನ್ ಬಂದು ಕೂಡಿಕೊಂಡರು. ಅಲ್ಲಿನ ತಂಡಗಳ ಮೇಲೆ ಆಡಿ ಗೆದ್ದು, ಕೈ ಪಳಗಿಸಿಕೊಂಡು ಎಲ್ಲರೂ ಹಾಲೆಂಡಿಗೆ ಹೊರಟರು. ಬ್ರಿಟನ್ ಮಾತ್ರ ಆ ವರ್ಷ ಹಾಕಿಗೆ ತಂಡವನ್ನೇ ಕಳಿಸಲಿಲ್ಲ. ತಾವು ಆಳುವ ಜನರ ಕೈಲಿ ಸೋಲುವ ಮುಜುಗರ ಬೇಡ ಅಂತ ಹಿಂದೆ ಸರಿದರು ಎಂಬ ಮಾತು ಇಂದಿಗೂ ಇದೆ.

ಕ್ಯಾಪ್ಟನ್ ನಾಪತ್ತೆ

1928ರ ಮೇ 17ರಂದು ಆಸ್ಟ್ರಿಯಾ ಮೇಲೆ 6 ಗೋಲು. ಮಾರನೇ ದಿನ ಬೆಲ್ಜಿಯಂ ಮೇಲೆ 9. ಆಮೇಲೆ ಡೆನ್ಮಾರ್ಕ್ ಮೇಲೆ 5, ಸ್ವಿಟ್ಜರ್ಲೆಂಡ್ ಮೇಲೆ 6. ಎದುರಾಳಿಗಳದ್ದು ಎಲ್ಲಾ ಕಡೆ ಸೊನ್ನೆ! ಇನ್ನುಳಿದದ್ದು ಫೈನಲ್ ಒಂದೇ. ಅದೂ ಆತಿಥೇಯ ಹಾಲೆಂಡ್ ಮೇಲೆ, ಅವರದೇ ಸ್ಟೇಡಿಯಮ್ಮಿನಲ್ಲಿ.

ಇಂಥಾ ಹೊತ್ತಲ್ಲಿ ಕ್ಯಾಪ್ಟನ್ನರೇ ಇಲ್ಲ! ಜೈಪಾಲ್ ಸಿಂಗ್ ತಂಡ ಬಿಟ್ಟು ಇಂಗ್ಲೆಂಡಿಗೆ ಹೊರಟುಹೋಗಿದ್ದರು.

ಯಾಕೆ? ಇಂಗ್ಲಿಷ್ ಮ್ಯಾನೇಜರ್ ಜತೆ ಜಟಾಪಟಿಯಾಯಿತು ಅಂತ ಬಹಳ ಜನ ಬರೆದಿದ್ದಾರೆ. ತಂಡದೊಳಗೆ ಆಂಗ್ಲೋ ಇಂಡಿಯನ್ ಆಟಗಾರರಿಗೂ ಇವರಿಗೂ ಸರಿಹೋಗಲಿಲ್ಲ ಅನ್ನುವವರೂ ಇದ್ದಾರೆ. ಧ್ಯಾನ್ ಚಂದ್ ತಮ್ಮ ಆತ್ಮಕತೆಯಲ್ಲಿ ಈ ವಿಷಯ ತೆಗೆದು, ಕಾರಣ ತನಗೂ ಒಗಟಾಗಿಯೇ ಉಳಿಯಿತು ಅಂತ ಬರೆದುಕೊಂಡರು. ಪಕ್ಕದಲ್ಲಿ ಆಡಿದವರಿಗೇ ಗೊತ್ತಾಗದ್ದನ್ನು ನಾವಿಲ್ಲಿ ಕೂತು ತೀರ್ಪು ಹೇಳುವುದು ಬೇಡ.

ಬರೀ ಕ್ಯಾಪ್ಟನ್ ಹೋದದ್ದಾಗಿದ್ದರೆ ಒಂದು ಮಾತು. ಫಿರೋಜ್ ಖಾನರಿಗೆ ಪೆಟ್ಟಾಗಿತ್ತು. ಶೌಕತ್ ಅಲಿ, ಖೇರ್ ಸಿಂಗ್ ಹಾಸಿಗೆ ಹಿಡಿದಿದ್ದರು. ಧ್ಯಾನ್ ಚಂದರ ಮೈ ಜ್ವರದಿಂದ ಸುಡುತ್ತಿತ್ತು. ಸೆಂಟರ್ ಹಾಫ್ ಆಡುತ್ತಿದ್ದ ಎರಿಕ್ ಪಿನ್ನಿಗರ್ ಮುಂದೆ ಬಂದು ನಾಯಕತ್ವ ಹೊತ್ತರು. ಗೋಲ್‌ಕೀಪರ್ ರಿಚರ್ಡ್ ಅಲೆನ್ ಕಂಬದ ಮುಂದೆ ಬಂಡೆಯ ಹಾಗೆ ನಿಂತರು. ಜ್ವರದಲ್ಲೇ ಧ್ಯಾನ್ ಚಂದ್ ಮೈದಾನಕ್ಕಿಳಿದರು. ಮೇ 26ರಂದು ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಜನರೆದುರು ಭಾರತ 3-0ಯಲ್ಲಿ ಗೆದ್ದಿತು. ಐದು ಆಟ, 29 ಗೋಲು, ಕೊಟ್ಟದ್ದು ಒಂದೂ ಇಲ್ಲ. ಧ್ಯಾನ್ ಚಂದರದ್ದೇ 14. ಭಾರತಕ್ಕೆ ಒಲಿಂಪಿಕ್ಸಿನ ಮೊಟ್ಟಮೊದಲ ಚಿನ್ನ.

ಮೂರು ಜನ ಕಳಿಸಿಕೊಟ್ಟಿದ್ದ ತಂಡ ಬೊಂಬಾಯಿಗೆ ಮರಳಿದಾಗ ಬಂದರಿನಲ್ಲಿ ಸಾವಿರಾರು ಜನ. ಆ ಹಾರ ತುರಾಯಿಯ ನಡುವೆ ಜೈಪಾಲ್ ಸಿಂಗ್ ಇರಲಿಲ್ಲ. ಅವರಿಗೆ ಲಂಡನ್ನಿನಲ್ಲಿ ಬೇರೆಯದೇ ಸ್ವಾಗತ ಕಾದಿತ್ತು. ರಜೆಯಿಲ್ಲದೆ ಹೋದ ತಪ್ಪಿಗೆ ಐ.ಸಿ.ಎಸ್. ಟ್ರೇನಿಂಗನ್ನು ಇನ್ನೊಂದು ವರ್ಷ ಮಾಡಬೇಕು ಅಂದರು. ಆಗೋಲ್ಲ ಅಂದು ಇವರು ಐ.ಸಿ.ಎಸ್. ಅನ್ನೇ ಬಿಟ್ಟರು. ಆಟಕ್ಕಾಗಿ ಅಧಿಕಾರವೂ ಹೋಯಿತು. ಆಟದ ಕೊನೇ ದಿನವೂ ಕೈತಪ್ಪಿತ್ತು.

ಇನ್ನೊಂದು ಟೀಮು

ಮುಂದೆ ಬರ್ಮಾ ಶೆಲ್ ಎಣ್ಣೆ ಕಂಪನಿಯಲ್ಲಿ ದೊಡ್ಡ ನೌಕರಿ. 1934ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಇವತ್ತಿನ ಘಾನಾದ ಅಚಿಮೋಟಾ ಕಾಲೇಜಿನಲ್ಲಿ ಮೇಷ್ಟ್ರು. ಆಮೇಲೆ ರಾಯಪುರದ ರಾಜಕುಮಾರ ಕಾಲೇಜಿನ ಪ್ರಿನ್ಸಿಪಾಲರು, ಬಿಕಾನೇರ್ ಸಂಸ್ಥಾನದಲ್ಲಿ ಅಧಿಕಾರಿ. ಸೂಟು ಬೂಟಿನ ಸುಖದ ಬದುಕು. ಅದನ್ನೂ ಬಿಟ್ಟರು! ರಾಂಚಿಗೆ ಬಂದು ತಮ್ಮ ಜನರ ಪಾಡು ನೋಡಿದ ಅವರು 1939ರಲ್ಲಿ ಆದಿವಾಸಿ ಮಹಾಸಭೆಯ ಅಧ್ಯಕ್ಷರಾದರು. ಜನ ಅವರನ್ನು ಮರಂಗ್ ಗೋಮ್ಕೆ ಎಂದು ಕರೆದರು. ಹಿರಿಯ ನಾಯಕ ಅಂತ ಅರ್ಥ.

1946ರ ಡಿಸೆಂಬರ್ 19ರಂದು ಸಂವಿಧಾನ ಸಭೆಯಲ್ಲಿ ಎದ್ದು ನಿಂತ ಜೈಪಾಲ್ ಸಿಂಗ್ ತಾನು ಕಾಡಿನವನು ಎಂಬುದನ್ನು ಹೆಮ್ಮೆಯಿಂದಲೇ ಹೇಳಿಕೊಂಡರು. ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ಯಾರೂ ಕಲಿಸಬೇಕಾಗಿಲ್ಲ, ಅವರಿಂದಲೇ ಉಳಿದವರು ಕಲಿಯಬೇಕು ಅಂತ ದೊಡ್ಡ ದೊಡ್ಡ ವಕೀಲರ ಮುಖಕ್ಕೇ ಹೇಳಿದರು. ಪಾನನಿಷೇಧದ ಚರ್ಚೆ ಬಂದಾಗ, ಅಕ್ಕಿಯಿಂದ ಮಾಡುವ ಪಾನೀಯ ತಮ್ಮವರ ಪೂಜೆ ಪುನಸ್ಕಾರಕ್ಕೆ ಸೇರಿದ್ದು ಎಂದು ಒಬ್ಬರೇ ವಾದಿಸುವ ಧೈರ್ಯವೂ ಅವರಿಗಿತ್ತು. ಸಂವಿಧಾನದಲ್ಲಿ ಆದಿವಾಸಿ ಎಂಬ ಶಬ್ದವೇ ಇರಲಿ ಅಂತ ಹಟ ಹಿಡಿದರು. ಅದು ನಡೆಯಲಿಲ್ಲ. ಇಂದು ನಮ್ಮ ಹೆಗ್ಗಡದೇವನಕೋಟೆಯ ಜೇನುಕುರುಬರಾಗಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಾಗಲಿ ತಾಲ್ಲೂಕು ಕಚೇರಿಯಲ್ಲಿ ಪಡೆಯುವ ಸರ್ಟಿಫಿಕೇಟಿನಲ್ಲಿ ಪರಿಶಿಷ್ಟ ಪಂಗಡ ಅಂತಲೇ ಇರುತ್ತದೆ. ಶಬ್ದ ಸೋತಿತು. ಆದರೆ ಆ ಸರ್ಟಿಫಿಕೇಟಿನ ಹಿಂದಿರುವ ಹಕ್ಕಿಗಾಗಿ ಸಭೆಯಲ್ಲಿ ದನಿ ಎತ್ತಿದವರಲ್ಲಿ ಈ ಹಾಕಿ ಕ್ಯಾಪ್ಟನ್ ಒಬ್ಬರು ಅನ್ನುವುದು ಎಷ್ಟು ಜನರಿಗೆ ಗೊತ್ತು?

ಮತ್ತೊಂದು ಸಲ ಹೊರಟರು

ಪ್ರತ್ಯೇಕ ರಾಜ್ಯಕ್ಕಾಗಿ ಅವರು ಕಟ್ಟಿದ ಝಾರ್ಖಂಡ್ ಪಾರ್ಟಿ 1952ರ ಚುನಾವಣೆಯಲ್ಲಿ ಬಿಹಾರ ವಿಧಾನಸಭೆಯ 32 ಸ್ಥಾನ ಗೆದ್ದು ಮುಖ್ಯ ವಿರೋಧಪಕ್ಷವಾಯಿತು. ಆದರೆ 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಝಾರ್ಖಂಡ್ ಬೇಡಿಕೆ ಒಪ್ಪಲಿಲ್ಲ. ಅದೇ ಆಯೋಗದ ವರದಿಯ ಮೇಲೆ ನಮ್ಮ ಕನ್ನಡ ಸೀಮೆಗಳು ಒಂದಾದವು, ಅವರ ಸೀಮೆ ಬಿಹಾರದಲ್ಲೇ ಉಳಿಯಿತು. 1962ರ ಹೊತ್ತಿಗೆ ಪಕ್ಷ 20 ಸ್ಥಾನಕ್ಕೆ ಇಳಿದಿತ್ತು. 1963ರಲ್ಲಿ ಜೈಪಾಲ್ ಸಿಂಗ್ ತಮ್ಮ ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನ ಮಾಡಿಬಿಟ್ಟರು.

ಜನ ತತ್ತರಿಸಿದರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಬಿಟ್ಟದ್ದು ಹತ್ತು ಹನ್ನೆರಡು ಆಟಗಾರರನ್ನು. ಇಲ್ಲಿ ಬಿಟ್ಟದ್ದು ಇಡೀ ಸೀಮೆಯನ್ನು ಅಂತ ಸಿಟ್ಟಾದರು. ಆ ಸಿಟ್ಟು ಸುಳ್ಳಲ್ಲ. ಅವರನ್ನು ಹೊಗಳಲೆಂದು ಇದನ್ನು ಮುಚ್ಚಿಡುವುದು ಸರಿಯಲ್ಲ. 1970ರ ಮಾರ್ಚ್ 20ರಂದು ದಿಲ್ಲಿಯಲ್ಲಿ ತೀರಿಕೊಂಡಾಗ ಅವರು ಲೋಕಸಭೆಯ ಸದಸ್ಯರಾಗಿಯೇ ಇದ್ದರು, ಆದರೆ ರಾಜ್ಯದ ಕನಸು ಹಾಗೇ ಉಳಿದಿತ್ತು.

ಆದರೆ ಇಲ್ಲೂ ಉಳಿದವರು ಆಟ ನಿಲ್ಲಿಸಲಿಲ್ಲ ನೋಡಿ. ಒಡೆದ ತುಂಡುಗಳಿಂದಲೇ ಹೊಸ ಪಕ್ಷ ಕಟ್ಟಿದರು, ಬೀದಿಗಿಳಿದರು, ಲಾಠಿ ತಿಂದರು. 2000ದ ನವೆಂಬರ್ 15ರಂದು, ಬಿರ್ಸಾ ಮುಂಡಾ ಹುಟ್ಟಿದ ದಿನ, ಝಾರ್ಖಂಡ್ ರಾಜ್ಯ ಆಯಿತು. ಜೈಪಾಲರು ಹುಟ್ಟಿದ ಅದೇ ಖೂಂಟಿ ಸೀಮೆಯ ನಿಕ್ಕಿ ಪ್ರಧಾನ್ 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಹಾಕಿ ಕೋಲು ಹಿಡಿದು ಹೋದರು. 2021ರಲ್ಲಿ ಝಾರ್ಖಂಡ್ ಸರ್ಕಾರ ಆದಿವಾಸಿ ವಿದ್ಯಾರ್ಥಿಗಳನ್ನು ಬ್ರಿಟನ್ನಿಗೆ ಓದಲು ಕಳಿಸತೊಡಗಿತು. ಆ ಸ್ಕಾಲರ್‌ಶಿಪ್ಪಿಗೆ ಮರಂಗ್ ಗೋಮ್ಕೆ ಜೈಪಾಲ್ ಸಿಂಗ್ ಮುಂಡಾ ಅವರದೇ ಹೆಸರು.

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಬಂದ ಈ ವರದಿಗಾರನಿಗೆ, ಬಿಟ್ಟು ಹೋದವರ ಮೇಲೆ ಕಲ್ಲೆಸೆಯುವ ಅರ್ಹತೆ ಇಲ್ಲ. ಹೋಗುವವರಿಗೆ ಅವರವರ ಕಾರಣ ಇರುತ್ತದೆ. ಅದು ಕೆಲವು ಸಲ ಹೊರಗೆ ಬರುವುದೇ ಇಲ್ಲ. ಆದರೆ ಕ್ಯಾಪ್ಟನ್ ಹೆಸರು ನೆನಪಿಟ್ಟುಕೊಂಡ ಊರು ಆ ದಿನ ಅವರ ಜಾಗದಲ್ಲಿ ನಿಂತ ಪಿನ್ನಿಗರ್ ಹೆಸರನ್ನೂ ನೆನಪಿಡಬೇಕಲ್ಲವೇ?

ಶನಿವಾರ ಸಂಜೆ ನಾಲ್ಕಕ್ಕೆ ಆಟ. ಹೋದ ಹುಡುಗನನ್ನು ಬೈಯುವುದು ಸಾಕು. ಬಿಡುವಿದ್ದವರು ಮೈದಾನಕ್ಕೆ ಬಂದು, ಉಳಿದ ಹುಡುಗರಿಗೆ ಒಂದು ಚಪ್ಪಾಳೆ ಹೊಡೆಯಿರಿ.