ನೀರ್ ಸಾಬ್ ಬಿಟ್ಟುಹೋದ ಇನ್ನೊಂದು ಆಸ್ತಿ: ಊರಲ್ಲೇ ಲೆಕ್ಕ ಕೇಳುವ ಜಾಗ

ಗುಂಡ್ಲುಪೇಟೆ: ಅಬ್ದುಲ್ ನಜೀರ್ ಸಾಬ್ ಅಂದರೆ ಈಗಿನ ಹುಡುಗರಿಗೆ ತಕ್ಷಣ ಗೊತ್ತಾಗಲಿಕ್ಕಿಲ್ಲ. ಆದರೆ ಹಳ್ಳಿ ಕಡೆ ಹಿರಿಯರ ಹತ್ತಿರ ನೀರ್ ಸಾಬ್ ಅಂತ ಒಂದು ಮಾತು ಎತ್ತಿ ನೋಡಿ, ಊರ ಮುಂದಿನ ಕೈಪಂಪಿನಿಂದಲೇ ಕಥೆ ಶುರುವಾಗುತ್ತದೆ. ಬೋರ್‌ವೆಲ್ ಕೊರೆಸಿದ ಮಂತ್ರಿ ಅಂತ ಅವರನ್ನು ನೆನೆಯುವವರು ಈಗಲೂ ಇದ್ದಾರೆ. ಗುಂಡ್ಲುಪೇಟೆಯ ಈ ಮನುಷ್ಯ ಮಾಡಿದ ಇನ್ನೊಂದು ಕೆಲಸ ಮಾತ್ರ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಊರಿನ ದುಡ್ಡಿನ ಲೆಕ್ಕ ಬರೆಯುವ ಪುಸ್ತಕವನ್ನು ಊರಿನ ಹತ್ತಿರಕ್ಕೆ ತಂದವರು ಅವರು.

1983ರಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಆ ಸಂಪುಟದಲ್ಲಿ ನಜೀರ್ ಸಾಬ್ ಅವರಿಗೆ ಸಿಕ್ಕಿದ್ದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ. ಬರದಿಂದ ಬಾವಿಗಳು ಒಣಗಿ, ಹೆಣ್ಣುಮಕ್ಕಳು ಕೊಡ ಹೊತ್ತು ದೂರ ನಡೆಯುತ್ತಿದ್ದ ಕಾಲ. ಹಳ್ಳಿ ಹಳ್ಳಿಗೂ ಬೋರ್‌ವೆಲ್ ಕೊರೆಸುವುದಕ್ಕೆ ಅವರು ಹಗಲು ರಾತ್ರಿ ಓಡಾಡಿದರು. ನೀರ್ ಸಾಬ್ ಅನ್ನೋ ಹೆಸರು ಬಂದಿದ್ದು ಹಾಗೆ, ಜನರೇ ಇಟ್ಟಿದ್ದು.

ಆದರೆ ನೀರಿಗೂ ಮೊದಲು ಇನ್ನೊಂದು ಪ್ರಶ್ನೆ ಇತ್ತು. ಯಾವ ಊರಿಗೆ ಬೋರ್‌ವೆಲ್, ಯಾವ ಕೇರಿಗೆ ರಸ್ತೆ, ಯಾರಿಗೆ ಮನೆ ಅಂತ ತೀರ್ಮಾನ ಮಾಡುವವರು ಯಾರು? ಆಗ ಗ್ರಾಮ ಪಂಚಾಯ್ತಿ, ತಾಲೂಕು ಬೋರ್ಡ್‌ಗಳು 1959ರ ಕಾಯ್ದೆ ಪ್ರಕಾರ ನಡೆಯುತ್ತಿದ್ದವು. ಅವುಗಳ ಕೈಯಲ್ಲಿ ದುಡ್ಡೂ ಕಡಿಮೆ, ಅಧಿಕಾರವೂ ಕಡಿಮೆ. ದೊಡ್ಡ ತೀರ್ಮಾನಗಳೆಲ್ಲ ಇಲಾಖೆಗಳ ಫೈಲಿನಲ್ಲಿ, ದೂರದ ಕಚೇರಿಗಳಲ್ಲಿ. ಒಂದು ಕೆಲಸ ಯಾಕೆ ಆಗಲಿಲ್ಲ ಅಂತ ತಿಳಿಯಬೇಕಾದರೆ ಹಳ್ಳಿಯವರು ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ತಾಲೂಕಿಗೋ ಜಿಲ್ಲೆಗೋ ಅಲೆಯಬೇಕಿತ್ತು. ಹೋದರೂ ಉತ್ತರ ಸಿಗುತ್ತೆ ಅನ್ನೋ ಖಾತ್ರಿ ಇರಲಿಲ್ಲ.

ಇದನ್ನು ಬದಲಿಸೋಕೆ ನಜೀರ್ ಸಾಬ್ ತಂದಿದ್ದು 1983ರ ಪಂಚಾಯತ್ ಕಾಯ್ದೆ. ಅಶೋಕ ಮೆಹ್ತಾ ಸಮಿತಿ ಹೇಳಿದ್ದ ದಾರಿಯಲ್ಲೇ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯ್ತಿ ಅಂತ ಚುನಾಯಿತ ಸಂಸ್ಥೆಗಳು ಬಂದವು. ರಾಷ್ಟ್ರಪತಿಗಳ ಅಂಕಿತ ಸಿಗೋ ಹೊತ್ತಿಗೆ 1985 ಆಗಿತ್ತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಗಿತ್ತು. ರಾಜ್ಯದಲ್ಲಿ ಸುಮಾರು 2,500 ಮಂಡಲಗಳು ಹುಟ್ಟಿಕೊಂಡವು. ಆಯ್ಕೆಯಾದ ಮಂಡಲ ಸದಸ್ಯರ ಸಂಖ್ಯೆ 55 ಸಾವಿರ ದಾಟಿತ್ತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿಯನ್ನು ಕೂರಿಸಿದರು. ಅಧಿಕಾರ ಕೊಡುತ್ತೇವೆ ಅಂತ ಬಾಯಿಮಾತಲ್ಲಿ ಹೇಳದೆ ಕುರ್ಚಿ, ದುಡ್ಡು, ಸಿಬ್ಬಂದಿ ಎಲ್ಲವನ್ನೂ ಕೆಳಗೆ ಇಳಿಸಿದ್ದು ಅವರ ಹೆಚ್ಚುಗಾರಿಕೆ.

ಇಷ್ಟರ ಜೊತೆಗೆ ಕಾಯ್ದೆಯಲ್ಲಿ ಗ್ರಾಮಸಭೆಯೂ ಇತ್ತು. ವರ್ಷಕ್ಕೆ ಎರಡು ಸಲ ಮತದಾರರನ್ನೆಲ್ಲ ಸೇರಿಸಿ, ಯಾವ ಕೆಲಸ ಆಯಿತು, ಸವಲತ್ತು ಯಾರಿಗೆ ಸಿಗಬೇಕು ಅಂತ ಅವರ ಮುಂದೆಯೇ ಚರ್ಚೆ ಮಾಡಬೇಕು. ನೋಡೋಕೆ ಇದು ಸಣ್ಣ ನಿಯಮ. ಆದರೆ ಫಲಾನುಭವಿಗಳ ಪಟ್ಟಿ ನಾಲ್ಕು ಜನರ ಮುಂದೆ ಓದಿದಾಗ ಆಗೋದೇ ಬೇರೆ. ಜಮೀನು ಇದ್ದವನ ಹೆಸರು ಬಡವರ ಪಟ್ಟಿಯಲ್ಲಿ ಬಂದರೆ ಪಕ್ಕದ ಮನೆಯವನಿಗೆ ಗೊತ್ತಾಗುತ್ತೆ. ಕಟ್ಟದೇ ಇರೋ ಚರಂಡಿಗೆ ಬಿಲ್ ಆಗಿದ್ದರೆ ಆ ಬೀದಿಯವರೇ ಎದ್ದು ನಿಲ್ಲುತ್ತಾರೆ. ಅದಕ್ಕೆ ದೊಡ್ಡ ಆಡಿಟರ್ ಬೇಕಾಗಿಲ್ಲ.

ಅದೇ ಕಾರಣಕ್ಕೆ ಗ್ರಾಮಸಭೆ ಅಂದರೆ ಹಲವರಿಗೆ ಇರಿಸುಮುರಿಸು. ಜನರ ಪ್ರಶ್ನೆ ಎದುರಿಸಲಾಗದೆ ಎಷ್ಟೋ ಕಡೆ ಸಭೆ ಮುಂದಕ್ಕೆ ಹೋಯಿತು, ಕೆಲವು ಕಡೆ ಕಾಗದದ ಮೇಲಷ್ಟೇ ನಡೆಯಿತು. ತಮ್ಮ ಹಿಡಿತ ತಪ್ಪಿತು ಅಂತ ಶಾಸಕರಲ್ಲೂ ಅಸಮಾಧಾನ ಇತ್ತು. ಇದನ್ನೆಲ್ಲ ತಿದ್ದುವಷ್ಟು ಕಾಲ ನಜೀರ್ ಸಾಬ್ ಅವರಿಗೆ ಸಿಗಲಿಲ್ಲ. 1988ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಮಂಡಲಗಳು ಶುರುವಾಗಿ ಎರಡು ವರ್ಷವೂ ಆಗಿರಲಿಲ್ಲ. 1992ರಲ್ಲಿ ಅವುಗಳ ಅವಧಿ ಮುಗಿದಾಗ ಚುನಾವಣೆ ಮಾಡದೆ ಆಡಳಿತಾಧಿಕಾರಿಗಳನ್ನು ನೇಮಿಸಿದರು. ಸಂವಿಧಾನದ 73ನೇ ತಿದ್ದುಪಡಿ ಆದಮೇಲೆ 1993ರ ಕಾಯ್ದೆ ಬಂತು. ಇವತ್ತಿನ ಗ್ರಾಮ, ತಾಲೂಕು, ಜಿಲ್ಲಾ ಪಂಚಾಯ್ತಿಗಳು ಅದರಿಂದ ಬಂದವು.

ಅವರ ಕಾಲದಲ್ಲಿ ಒಂದು ಕೊಂಡಿ ಇನ್ನೂ ಬಾಕಿ ಇತ್ತು. ಸಭೆಗೆ ಹೋಗಿ ಕೇಳಬಹುದಿತ್ತು, ಆದರೆ ನಡಾವಳಿ ಪುಸ್ತಕದ ನಕಲು ಕೊಡಿ ಅಂತ ಯಾರು ಬೇಕಾದರೂ ಹಕ್ಕಿನಿಂದ ಕೇಳುವ ಪ್ರತ್ಯೇಕ ಕಾನೂನು ಇರಲಿಲ್ಲ. ಮೊದಲು 2000ದಲ್ಲಿ ರಾಜ್ಯದ ಮಾಹಿತಿ ಹಕ್ಕು ಕಾಯ್ದೆ, ಆಮೇಲೆ 2005ರಲ್ಲಿ ಕೇಂದ್ರದ ಕಾಯ್ದೆ ಆ ಬಾಗಿಲು ತೆಗೆದವು. 2005ರ ಕಾಯ್ದೆಯ 4ನೇ ಕಲಂ ನೋಡಿ. ಕಚೇರಿಯ ಸಭೆಗಳಿಗೆ ಜನ ಬರಬಹುದೇ, ಆ ಸಭೆಗಳ ನಡಾವಳಿ ಜನರಿಗೆ ಸಿಗುತ್ತದೆಯೇ ಅನ್ನೋದನ್ನು ಯಾರೂ ಅರ್ಜಿ ಹಾಕುವ ಮೊದಲೇ ಪ್ರಕಟಿಸಬೇಕು ಅಂತ ಅದರಲ್ಲಿದೆ. ಇಷ್ಟಾದರೂ ಸಿಗದಿದ್ದರೆ 10 ರೂಪಾಯಿ ಶುಲ್ಕದ ಜೊತೆ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಬರಬೇಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ.

ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯೂ ಇದೆ. ಪಂಚಾಯ್ತಿಯ ಹಿಂದಿನ ವರ್ಷದ ಜಮಾ-ಖರ್ಚನ್ನು ಊರಿನವರ ಮುಂದೆ ಇಡುವ ದಿನ ಅದು. ಎಷ್ಟು ಜನ ಹೋಗುತ್ತೇವೆ? ಖಾಲಿ ಹಾಳೆಗೆ ಮೊದಲೇ ಸಹಿ ಹಾಕಿಸಿಕೊಂಡು ಆಮೇಲೆ ಠರಾವು ಬರೆಯುತ್ತಾರೆ ಅನ್ನೋ ದೂರು ಟೀ ಅಂಗಡಿಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆ ದೂರು ನಿಜವೋ ಸುಳ್ಳೋ ಅಂತ ತಿಳಿಯೋಕೆ ಇರೋದು ಒಂದೇ ದಾರಿ, ಪುಸ್ತಕ ತೆಗೆಸಿ ಓದಿಸೋದು.

ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ನಜೀರ್ ಸಾಬ್ ಅವರ ಹೆಸರಿಟ್ಟಿದ್ದಾರೆ. ಪಂಚಾಯ್ತಿ ಸದಸ್ಯರು, ಸಿಬ್ಬಂದಿ ತರಬೇತಿ ಪಡೆಯೋದು ಅಲ್ಲಿಯೇ. ಅವರ ಸ್ವಂತ ತಾಲೂಕಿನವರಾದ ನಾವು ಮಾಡಬಹುದಾದ್ದು ಇನ್ನೂ ಸುಲಭ. ಮುಂದಿನ ಗ್ರಾಮಸಭೆಗೆ ಹೋಗಬೇಕು. ಹೊಸ ವಿಷಯ ಶುರುವಾಗುವ ಮೊದಲು ಹೋದ ಸಭೆಯ ನಡಾವಳಿಯನ್ನು ಗಟ್ಟಿಯಾಗಿ ಓದಿಸಬೇಕು. ಅದರಲ್ಲಿ ಬರೆದ ಕೆಲಸ ನಮ್ಮ ಬೀದಿಯಲ್ಲಿ ಆಗಿದೆಯಾ ಅಂತ ನೋಡಿ ಹೇಳೋಕೆ ನಮಗಿಂತ ಚೆನ್ನಾಗಿ ಗೊತ್ತಿರುವವರು ಬೇರೆ ಯಾರಿದ್ದಾರೆ?