ಮಾತಿನ ಮಲ್ಲರ ಮೂಕಿ ಚಿತ್ರ: ಗುಬ್ಬಿ ವೀರಣ್ಣನವರು

ನಮ್ಮ ನಾರಾಯಣಪುರದ ಶಿವಾಲಯದ ಶಿಲಾಬಾಲಿಕೆಯರಿಗೆ ಮಾತಿಲ್ಲ, ಬಣ್ಣವಿಲ್ಲ. ಆದರೂ ಅವರ ನಿಲುವಿನ ಬಾಗು-ಬಳುಕುಗಳಲ್ಲಿ ಒಳಗಿನ ಭಾವವು ನೋಡುವವರಿಗೆ ಎಟುಕುತ್ತದೆ. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಈ ಗಡಿಸೀಮೆಯಲ್ಲಿ ಅವರನ್ನು ಕಂಡು ಸಂತೋಷಪಡಲು ದುಭಾಷಿಯ ಅಗತ್ಯವಿಲ್ಲ. ಕಪ್ಪು-ಬಿಳುಪಿನ ಮೂಕಿ ಚಿತ್ರದ ಆಕರ್ಷಣೆಯೂ ಇಂಥದೇ. ಮಾತಿನಿಂದಲೂ ಹಾಸ್ಯದಿಂದಲೂ ಹೆಸರಾದ ಕನ್ನಡ ನಟರೊಬ್ಬರು ಈ ಮಾತಿಲ್ಲದ ಕಲೆಗೆ ಕೈಹಾಕಿದರು. ಅವರೇ ಗುಬ್ಬಿ ವೀರಣ್ಣನವರು.

ವೀರಣ್ಣನವರು 1891ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಜನಿಸಿದರು. 1884ರಲ್ಲಿ ಸ್ಥಾಪಿತವಾಗಿದ್ದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಬಾಲನಟರಾಗಿ ಸೇರಿ, ಮುಂದೆ ಅದರ ಒಡೆಯರೇ ಆದರು. ರಂಗವೇ ಅವರ ಪಾಠಶಾಲೆಯಾಯಿತು. ‘ಸದಾರಮೆ’ಯ ಕಳ್ಳನ ಪಾತ್ರ ಅವರಿಗೆ ನಾಡೆಲ್ಲ ಕೀರ್ತಿ ತಂದಿತು. ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ-ಕುದುರೆಗಳನ್ನೇ ರಂಗಕ್ಕೆ ತಂದ ಸಾಹಸಿ ಅವರು. ‘ನಾಟಕರತ್ನ’ ಎಂಬ ಬಿರುದು ಅವರಿಗೆ ಸಂದಿತು.

ಇಂಥವರು ಚಲನಚಿತ್ರಕ್ಕೂ ಕಾಲಿಟ್ಟು, ಬಿ. ಜಯಮ್ಮನವರೊಡನೆ ‘ಹಿಸ್ ಲವ್ ಅಫೇರ್’ ಎಂಬ ಮೂಕಿ ಚಿತ್ರದಲ್ಲಿ ಅಭಿನಯಿಸಿದರು. 1932ರಲ್ಲಿ ವೈ. ವಿ. ರಾವ್ ಅವರ ನಿರ್ದೇಶನದಲ್ಲಿ ‘ಹರಿಮಾಯಾ’ ಬಂದಿತು. 1931ರಲ್ಲೇ ‘ಆಲಂ ಆರಾ’ ಮಾತನಾಡಿದ್ದಿತೆಂಬುದನ್ನು ನೆನೆದರೆ ಇದರ ವಿಶೇಷ ತಿಳಿಯುತ್ತದೆ. ಹಾಡಿಲ್ಲ, ಸಂಭಾಷಣೆಯಿಲ್ಲ, ನಟನಿಗೆ ಉಳಿದುದು ಮುಖ, ಕೈ, ನಡಿಗೆ ಮಾತ್ರ. ಮೂಕಿ ಚಿತ್ರಗಳಲ್ಲಿ ನಡುನಡುವೆ ತೆರೆಯ ಮೇಲೆ ಬರುತ್ತಿದ್ದ ನಾಲ್ಕು ಸಾಲುಗಳನ್ನು ಓದಬಲ್ಲವರು ಓದಿ ಹೇಳಿದರೆ ಸಾಕು, ಮಿಕ್ಕ ಕಥೆಯಲ್ಲಿ ಅಕ್ಷರ ಬಲ್ಲವರೂ ಬಾರದವರೂ ಸಮಾನರು. ಅಕ್ಷರವರಿಯದ ಹಿರಿಯರ ಮನೆಯಿಂದ ಈ ಕಾಲೇಜಿಗೆ ಬಂದ ನನ್ನಂಥವನಿಗೆ ಈ ಸಮಾನತೆ ದೊಡ್ಡದಾಗಿ ತೋರುತ್ತದೆ.

ಬಳಿಕ ಮೂಕಿಯ ಯುಗ ಮುಗಿಯಿತು. ಅದೇ ವೈ. ವಿ. ರಾಯರು 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ವನ್ನು ನಿರ್ದೇಶಿಸಿದರು. ವೀರಣ್ಣನವರ ‘ಸದಾರಮೆ’ 1935ರಲ್ಲಿ ತೆರೆಗೆ ಬಂದಿತು. ಅವರ ಕಂಪನಿಯಲ್ಲಿ ಪಳಗಿದ್ದ ರಾಜಕುಮಾರರು 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾದರು. 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದ ವೀರಣ್ಣನವರು ಅದೇ ವರ್ಷ ದಿವಂಗತರಾದರು.

ಮೂಕಿಯ ಯುಗ ಮುಗಿದರೂ ಅದರ ಸೆಳೆತ ಮುಗಿಯಲಿಲ್ಲ. 1987ರಲ್ಲಿ ಬೆಂಗಳೂರಿನಲ್ಲಿ ಚಿತ್ರಿತವಾದ ‘ಪುಷ್ಪಕ ವಿಮಾನ’ ಬಣ್ಣದ ಚಿತ್ರವಾದರೂ ಸಂಭಾಷಣೆಯನ್ನು ತೊರೆಯಿತು. 2011ರ ‘ದಿ ಆರ್ಟಿಸ್ಟ್’ ಬಣ್ಣವನ್ನೂ ಬಿಟ್ಟು, ಶ್ರೇಷ್ಠ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಗಳಿಸಿತು. ಎಲ್ಲವೂ ಕೈಯಲ್ಲಿರುವಾಗ ಕೆಲವನ್ನು ಬಿಟ್ಟುಕೊಡುವುದೂ ಕಲೆಯೇ.

ಕಾಲೇಜಿನ ವಾರ್ಷಿಕೋತ್ಸವದಲ್ಲಿ ಧ್ವನಿವರ್ಧಕದ ಮುಂದೆ ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ, ಕಂಠಪಾಠ ಒಪ್ಪಿಸುವ ನಾವು ಒಮ್ಮೆ ಮಾತಿಲ್ಲದ ನಾಟಕವನ್ನು ಆಡಿ ನೋಡಬಾರದೇಕೆ? ಆಗ ವೀರಣ್ಣನವರ ಸಾಹಸವೆಷ್ಟೆಂಬುದು ನಮಗೆ ತಿಳಿದೀತು.